ಟೀವಿ ಮಾಸ್ತರರ ಮೊದಲ ಪಾಠ

ನೆರೆಮನೆಯವರ ಕಾರು ಕಂಡು ಹೊಟ್ಟೆ ಉರಿದುಕೊಳ್ಳುವವರನ್ನು ನೀವು ನೋಡಿರುತ್ತೀರಿ. ನಾನು ಒಂದು ಟೀವಿಯನ್ನು ಕಂಡು ಹೊಟ್ಟೆ ಉರಿದುಕೊಂಡವನು. ಬ್ಯಾಡಗಿ ಹತ್ತಿರದ ನಮ್ಮ ಶಾಲೆಯ ಮಾಳಿಗೆ ಮೇಲೆ ಆಗಷ್ಟೇ ಛತ್ರಿಯಂಥ ಡಿಶ್ ಕೂತಿತ್ತು. ಉಪಗ್ರಹದಿಂದ ಪಾಠ ನೇರವಾಗಿ ಏಳನೆಯ ತರಗತಿಗೇ ಇಳಿಯುತ್ತದಂತೆ. ಮೊದಲ ಪಾಠ ಗಣಿತದ್ದು, ಅಂದರೆ ನನ್ನದು. ರಾಣೆಬೆನ್ನೂರಿನ ಮನೆಗೆ ಬಂದು ಸುದ್ದಿ ಹೇಳಿದರೆ ಹೆಂಡತಿ, "ಚಲೋ ಆತು ಬಿಡ್ರಿ. ಟೀವಿಗೆ ಸಿಟ್ಟ ಬರಂಗಿಲ್ಲ, ರಜಾನೂ ಹಾಕಂಗಿಲ್ಲ" ಅಂದಳು. ಅವಳು ಅಂದದ್ದು ತಮಾಷೆಗೆ. ನಾನು ಮಾತ್ರ ಅರ್ಧ ರೊಟ್ಟಿ ಬಿಟ್ಟು ಎದ್ದೆ. ಹದಿನಾಲ್ಕು ವರ್ಷ ನಾನು ಹಲಗೆ ಮೇಲೆ ಬರೆದ ವೃತ್ತಗಳೆಲ್ಲ ಬದನೆಕಾಯಿಯ ಹಾಗಿದ್ದವು. ಮಕ್ಕಳು ನಿಜವಾದ ವೃತ್ತ ನೋಡಿಬಿಟ್ಟರೆ ಆಮೇಲೆ ನನ್ನನ್ನು ಯಾರು ಕೇಳುತ್ತಾರೆ?

ಆ ದಿನ ಪರದೆ ಮೇಲೆ ಬಿಳಿ ಅಂಗಿಯ ಹಿರಿಯರೊಬ್ಬರು ಬಂದು, "ನಮಸ್ಕಾರ ಮಕ್ಕಳೇ" ಎಂದರು. ನಮ್ಮ ಮಕ್ಕಳು ಥಟ್ಟನೆ ಎದ್ದು, "ನಮಸ್ಕಾರ ಸರ" ಎಂದು ಸೂರು ಹಾರುವಂತೆ ಕೂಗಿದರು. ಪಾಠ ಶುರುವಾಯಿತು. ವೃತ್ತ ತಾನೇ ದುಂಡಗೆ ಮೂಡಿ, ಬಣ್ಣ ತುಂಬಿಕೊಂಡು, ಹೋಳುಹೋಳಾಗಿ ಬಿಚ್ಚಿ ಕ್ಷೇತ್ರಫಲ ತೋರಿಸಿತು. ಖರೇ ಹೇಳುತ್ತೇನೆ, ಆ ಸೂತ್ರ ಎಲ್ಲಿಂದ ಬಂತೆಂದು ನನಗೂ ಅಂದೇ ತಿಳಿದದ್ದು. ನನ್ನ ಕಥೆ ಮುಗಿಯಿತು ಅಂದುಕೊಂಡೆ. ಅವರು "ತಿಳಿಯಿತಲ್ಲವೇ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಮುಂದಿನ ಲೆಕ್ಕಕ್ಕೆ ಹೋದರು.

ಆಗ ನೋಡಿದೆ, ಮಕ್ಕಳೆಲ್ಲ ಇನ್ನೂ ನಿಂತೇ ಇದ್ದಾರೆ!

"ಯಾಕ ನಿಂತೀರಿ ಎಲ್ಲಾರೂ?"

ಹಿಂದಿನ ಸಾಲಿನ ಗಿರಿಜಾ, "ಆ ಸರ ಕುಂದ್ರಿ ಅನ್ನಲಿಲ್ಲರಿ" ಎಂದಳು. ನಾನು "ಕುಂದ್ರಿ" ಎಂದೆ. ಎಲ್ಲರೂ ಉಸ್ಸೆಂದು ಕೂತರು. ಗಿರಿಜಾ ಮತ್ತೆ ಮೆಲ್ಲಗೆ, "ಸರ, ಆ ಹೋಳು ಮಾಡಿದ್ದು ನಂಗ ತಿಳೀಲಿಲ್ಲರಿ. ಅವರು ಭಾಳ ಲಗೂ ಹೋದ್ರು. ನೀವ ಇನ್ನೊಮ್ಮೆ ಹೇಳ್ರಿ" ಎಂದಳು.

ಎದೆ ಹಗುರಾಯಿತು. ವೃತ್ತವನ್ನು ಟೀವಿಯೇ ಬರೆಯಲಿ, ಮಕ್ಕಳ ಮುಖ ನೋಡಿ ಇನ್ನೊಮ್ಮೆ ಹೇಳುವುದಕ್ಕೆ ನಾನು ಬೇಕಲ್ಲ! ಆ ಖುಷಿಗೆ ಸ್ವಲ್ಪ ದೊಡ್ಡಸ್ತಿಕೆಯೂ ಸೇರಿತು. "ಹೇಳ್ತೇನಿ. ಆದ್ರ ಅದು ಬರೇ ಪೆಟಗಿ ಐತಿ, ಅದಕ್ಯಾಕ ಅಷ್ಟು ಹೆದರ್ತೀರಿ?" ಎಂದೆ.

ಗಿರಿಜಾ ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಹಂಗಾದ್ರ ನೀವೂ ಕುಂದ್ರಿ ಸರ."

ಕುರ್ಚಿ ಪಕ್ಕದಲ್ಲೇ ಇತ್ತು. ಅರ್ಧ ತಾಸಿನಿಂದ ನಾನೂ ಗೋಡೆಗೆ ಅಂಟಿ, ಕೈಕಟ್ಟಿ ನಿಂತಿದ್ದೆ.