ಸುಟ್ಟ ಕಲೆಗೆ ಭೇದವಿಲ್ಲದೆ ಮುಲಾಮು ಹಚ್ಚುವ ಅತ್ತೆಯಂದಿರ ಗಮನಕ್ಕೆ

ಸುಟ್ಟಗಾಯದ ಕಲೆ ಸಂಶೋಧನಾ ವಿಭಾಗ
ಸಂಖ್ಯೆ: ಸುಕಸಂ/ಮುಲಾಮು/ಅತ್ತೆ/೭

ವಿಷಯ: ಪ್ರಯೋಗದಲ್ಲಿರುವ ಕಲೆಗಳ ಬಗ್ಗೆ ಮನೆಯವರು ತೋರುತ್ತಿರುವ ಸಮಾನತೆಯನ್ನು ತಡೆಗಟ್ಟುವ ಕುರಿತು.

ಉಲ್ಲೇಖ: ಬೇಕರಿ ಕೆಲಸದ ಮಹಿಳೆಯೊಬ್ಬರ ಅತ್ತೆಯವರ ಹೇಳಿಕೆ.

ಪ್ರತಿ ಕಲೆಯ ಮೇಲರ್ಧಕ್ಕೆ ನೀಲಿ ಮುಚ್ಚಳದ ಟ್ಯೂಬಿನ ಮುಲಾಮನ್ನೂ ಕೆಳಗರ್ಧಕ್ಕೆ ಬಿಳಿ ಮುಚ್ಚಳದ್ದನ್ನೂ ಹಚ್ಚತಕ್ಕದ್ದು. ಒಂದು ಔಷಧ, ಇನ್ನೊಂದು ಹೋಲಿಕೆಗಾಗಿ ಕೊಟ್ಟ ಬರೀ ಜಿಡ್ಡು. ಯಾವುದು ಯಾವುದೆಂದು ವೈದ್ಯರಿಗೂ ತಿಳಿಸಿರುವುದಿಲ್ಲ. ಹೀಗಿರುವಾಗ, ಒಲೆಯ ಟ್ರೇ ತಗುಲಿ ಮೊಣಕೈ ಸುಟ್ಟುಕೊಂಡು, ಕಲೆ ಬಿಗಿದು ತೋಳು ನೆಟ್ಟಗಾಗದೆ, ಇಷ್ಟದ ಒಲೆ ಕೆಲಸ ಬಿಟ್ಟು ಗಲ್ಲಾ ಪಕ್ಕ ಪೊಟ್ಟಣ ಕಟ್ಟುತ್ತಿರುವ ಸದರಿ ಮಹಿಳೆಗೆ, ಅವರ ಅತ್ತೆ ಎರಡೂ ಟ್ಯೂಬುಗಳನ್ನು ಒಂದೇ ಬಟ್ಟಲಿಗೆ ಹಿಂಡಿ, ಕಲಸಿ ಹಚ್ಚುತ್ತಿದ್ದುದು ಬೆಳಕಿಗೆ ಬಂದಿದೆ. ಕಾರಣ ಕೇಳಲಾಗಿ, “ಒಂದೇ ಕೈಗೆ ಎರಡು ತರ ಮಾಡೋಕಾಗುತ್ತೇನಪ್ಪಾ? ಮನೇಲಿ ಯಾರಿಗೂ ಭೇದ ಮಾಡಿದವಳಲ್ಲ ನಾನು” ಎಂದು ಹೇಳಿಕೆ ನೀಡಿರುತ್ತಾರೆ. ಈ ಹಂತದಲ್ಲಿ ಸೊಸೆ ಕೆಮ್ಮಿದ್ದನ್ನೂ ದಾಖಲಿಸಿಕೊಳ್ಳಲಾಗಿದೆ.

ಆದ್ದರಿಂದ ಸಂಬಂಧಪಟ್ಟ ಎಲ್ಲರಿಗೂ ಕೆಳಕಂಡಂತೆ ಸೂಚಿಸಲಾಗಿದೆ:

೧. ಕಲೆಯ ವಿಷಯದಲ್ಲಿ ಕಡ್ಡಾಯವಾಗಿ ಭೇದ ಮಾಡತಕ್ಕದ್ದು. ಊಟದಲ್ಲಿ, ಬೈಗುಳದಲ್ಲಿ ಸಮಾನತೆ ಪಾಲಿಸಲು ವಿಭಾಗದ ಅಡ್ಡಿಯಿಲ್ಲ.

೨. ಟಿವಿ ಧಾರಾವಾಹಿ ಮುಗಿಯುವವರೆಗೆ ಕಲೆಯನ್ನು ತಿಕ್ಕುತ್ತಾ ಕೂರತಕ್ಕದ್ದಲ್ಲ. ನಾಯಕಿ ಅತ್ತಾಗ ಜೋರಾಗಿ ತಿಕ್ಕುವುದು ನಿಯಮಬಾಹಿರ. ಈಗಾಗಲೇ ಹೆಚ್ಚುವರಿಯಾಗಿ ತಿಕ್ಕಿದ್ದನ್ನು ವಾಪಸು ಪಡೆಯುವ ವಿಧಾನ ಲಭ್ಯವಿಲ್ಲದ ಕಾರಣ ಮನ್ನಾ ಮಾಡಲಾಗಿದೆ.

೩. ಕಲೆ ಅಳೆಯುವ ಸಿಬ್ಬಂದಿ ಎರಡೂ ಅರ್ಧಗಳನ್ನು ಒಂದೇ ಮುಖದಿಂದ ನೋಡತಕ್ಕದ್ದು. ಮೇಲರ್ಧಕ್ಕೆ ಹುಬ್ಬೇರಿಸಿದಲ್ಲಿ ಕೆಳಗರ್ಧಕ್ಕೂ ಅಷ್ಟೇ ಎತ್ತರಕ್ಕೆ ಏರಿಸತಕ್ಕದ್ದು.

೪. ಕಳೆದ ತಪಾಸಣೆಯಲ್ಲಿ ಸದರಿ ಮಹಿಳೆಯ ತೋಳು ಪೂರ್ತಿ ನೆಟ್ಟಗಾಗಿರುವುದು ಕಂಡುಬಂದಿದೆ. ಇದು ನೀಲಿಯಿಂದಲೋ, ಬಿಳಿಯಿಂದಲೋ, ಅತ್ತೆಯಿಂದಲೋ ಎಂಬುದು ಇತ್ಯರ್ಥವಾಗದ ಕಾರಣ ಸುಧಾರಣೆಯನ್ನು ಫಲಿತಾಂಶಕ್ಕೆ ಪರಿಗಣಿಸಲಾಗುವುದಿಲ್ಲ. ಮುಂದಿನ ಆದೇಶದವರೆಗೆ ತೋಳು ತಾತ್ಕಾಲಿಕವಾಗಿ ನೆಟ್ಟಗಿರತಕ್ಕದ್ದು.

೫. ಅತ್ತೆಯವರನ್ನು ಇತರ ರೋಗಿಗಳಿಗೂ ಹಚ್ಚಿ ಪರೀಕ್ಷಿಸುವ ಪ್ರಸ್ತಾವವನ್ನು, “ನಂಗಿರೋದು ಒಬ್ಬಳೇ ಸೊಸೆ” ಎಂಬ ಅವರ ಉತ್ತರದ ಮೇರೆಗೆ ಕೈಬಿಡಲಾಗಿದೆ.

ಸಹಿ/-
ಮುಖ್ಯಸ್ಥರು (ಪ್ರಭಾರ)
(ಯಾವ ಟ್ಯೂಬ್ ಯಾವುದೆಂದು ಇವರನ್ನು ಕೇಳತಕ್ಕದ್ದಲ್ಲ)

ಪ್ರತಿಗಳು:

– ಅತ್ತೆಯವರಿಗೆ: ಬಟ್ಟಲನ್ನು ಸಾಕ್ಷ್ಯವಾಗಿ ಉಳಿಸಿಕೊಳ್ಳಲಾಗಿದೆ. ದಿನಾ ಬಂದು ಕೇಳತಕ್ಕದ್ದಲ್ಲ.

– ಸೊಸೆಯವರಿಗೆ: ಕೆಮ್ಮಿನ ಬಗ್ಗೆ ವಿವರಣೆ ಕೋರಿ.

– ಬೇಕರಿ ಮಾಲೀಕರಿಗೆ: ಒಲೆಯ ಮೇಲಿನ ಹಂತದ ಟ್ರೇ ಎಳೆಯುವ ಕೆಲಸವನ್ನು ಸದರಿ ಮಹಿಳೆಗೇ ಮರಳಿ ಕೊಡುವಂತೆ. ಫಲಿತಾಂಶ ಏನೇ ಇರಲಿ, ತೋಳು ನೆಟ್ಟಗಾಗಿದೆ. ವಿಭಾಗದವರೆಲ್ಲ ಸುತ್ತ ನಿಂತು ನೋಡಿದ್ದೇವೆ.