ಸಿಲ್ವನ್ ಕಳೆದುಕೊಂಡ ಅಜ್ಜಿ

ಆವತ್ತಿನ ಅನಾಹುತಕ್ಕೆಲ್ಲ ಮೂಲ ಸಿಲ್ವನ್‌ನ ನಾದಿನಿ ಅಯೋನಿಯ ಟೋಪಿ.

ದ್ವೀಪದ ರಾಜಧಾನಿ ಸೇಂಟ್ ಜಾನ್ಸ್‌ನ ಹಡಗುಕಟ್ಟೆಯ ಬಾಯಲ್ಲೇ ಅಯೋನಿಯ ಅಂಗಡಿ. ಕೆಂಪು ಪಟ್ಟಿಯ ಹುಲ್ಲಿನ ಟೋಪಿಗಳನ್ನು ಆಸೆಬಿದ್ದು ರಾಶಿ ತರಿಸಿ, ಮಾರಲಾಗದೆ ಒಂದು ತಿಂಗಳಿಂದ ಕಂಡಕಂಡವರ ತಲೆಗೆ ಕಟ್ಟುತ್ತಿದ್ದಳು. ಬೆಳಿಗ್ಗೆ ಎಂಟೂವರೆಗೆ ದೊಡ್ಡ ಪ್ರವಾಸಿ ಹಡಗಿನಿಂದ ಇಳಿದ ಹನ್ನೆರಡು ಮಂದಿಯನ್ನು ಸಿಲ್ವನ್ ಟಾಂಗ್ ತನ್ನ ವ್ಯಾನಿಗೆ ಹತ್ತಿಸಿಕೊಳ್ಳುತ್ತಿದ್ದಾಗ ಅವಳು ಬಂದು ಬಾಗಿಲಿಗೆ ಅಡ್ಡ ನಿಂತಳು.

"ಭಾವ, ಇವರೆಲ್ಲ ಒಂದೊಂದು ಟೋಪಿ ತಗೊಳ್ದೆ ಈ ಗಾಡಿ ಹೊರಡೋ ಹಂಗಿಲ್ಲ."

"ಹೊತ್ತಾಗುತ್ತೆ ಬಿಡೇ."

"ಬಿಸಿಲಿಗೆ ಅವರ ಮೂಗು ಸುಲ್ಕೊಂಡು ಹೋದ್ರೆ ಆವಾಗ ಹೊತ್ತಾಗಲ್ವಾ?"

ಹನ್ನೆರಡು ಟೋಪಿ ಹನ್ನೆರಡು ತಲೆಯ ಮೇಲೆ ಕೂತವು. ನಿಜ ಹೇಳಬೇಕೆಂದರೆ ಸಿಲ್ವನ್‌ಗೆ ಒಳಗೊಳಗೇ ಖುಷಿಯಾಯಿತು. ಎಲ್ಲರೂ ಅರವತ್ತು ದಾಟಿದವರು, ಎಲ್ಲರಿಗೂ ಕೆಂಪು ಮೂಗು, ಬಿಳಿ ಕಾಲುಚೀಲ. ಯಾರು ಯಾರೆಂದು ಅವನಿಗೆ ಗೊತ್ತಾಗುತ್ತಿರಲಿಲ್ಲ, ಕೇಳಲು ನಾಚಿಕೆ. ಇನ್ನು ಮುಖ ನೋಡುವ ಕಷ್ಟವಿಲ್ಲ, ಸಂಜೆ ಕೋಳಿ ಎಣಿಸಿದ ಹಾಗೆ ಟೋಪಿ ಎಣಿಸಿದರಾಯಿತು.

ಸಿಲ್ವನ್ ಕೆಟ್ಟವನಲ್ಲ. ಆದರೆ ಬಾಯಿ ತೆರೆದರೆ ಮುಚ್ಚುವುದು ಅವನಿಗೆ ತಿಳಿಯದು. ಅವನ ಮಾತಿನ ಮೇಲೆ ಚಾಲಕರ ಸಂಘದಲ್ಲಿ ಈಗಾಗಲೇ ಎರಡು ದೂರುಗಳಿದ್ದವು. ಇನ್ನೊಂದು ಬಂದರೆ ಎದೆಯ ಮೇಲಿನ ಬಿಲ್ಲೆ ಕಿತ್ತುಕೊಳ್ಳುತ್ತೇನೆಂದು ಅಧ್ಯಕ್ಷ ಮ್ಯಾಕ್ಲಿನ್ ಹೇಳಿಯಾಗಿತ್ತು. ಬಿಲ್ಲೆ ಹೋದರೆ ಪ್ರವಾಸಿಗಳೂ ಇಲ್ಲ, ಅನ್ನವೂ ಇಲ್ಲ. "ಇವತ್ತೊಂದಿನ ಬಾಯಿ ಮುಚ್ಕೊಂಡು ಗಾಡಿ ಓಡಿಸಿ" ಎಂದು ಹೆಂಡತಿ ವರ್ಲಿನ್ ಬೆಳಿಗ್ಗೆ ಅಂಗಿಯ ಗುಂಡಿ ಹಾಕುತ್ತಲೇ ಬೇಡಿಕೊಂಡಿದ್ದಳು.

ಇಂಗ್ಲಿಷ್ ಹಾರ್ಬರ್ ತಲುಪುವ ಹೊತ್ತಿಗೆ ಆ ಮಾತು ಮರೆತೇ ಹೋಗಿತ್ತು. ನೌಕಾಪಡೆಯ ಹಳೆಯ ಹಡಗುಕಟ್ಟೆಯ ದಪ್ಪ ಕಲ್ಲುಕಂಬಗಳ ನಡುವೆ ನಿಂತು ಅವನು ಒಬ್ಬೊಬ್ಬ ಅಡ್ಮಿರಲ್ಲನನ್ನೂ ಸ್ವಂತ ಚಿಕ್ಕಪ್ಪನಂತೆ ಹೊಗಳುತ್ತಿದ್ದ. ಹಾಯಿ ಹೊಲಿಯುವ ಅಟ್ಟ, ಲಂಗರು ಎಳೆಯುವ ರಾಟೆ, ಅಡ್ಮಿರಲ್ಲರಿಗೆ ಕಚ್ಚಿದ ಸೊಳ್ಳೆ, ಯಾವುದನ್ನೂ ಬಿಡಲಿಲ್ಲ. ಆಗ ಸಣಕಲು ಹೆಂಗಸೊಬ್ಬಳು ಪುಸ್ತಕ, ಪೆನ್ಸಿಲ್ ಹಿಡಿದು ಮುಂದೆ ಬಂದಳು. ಹೆಸರು ಮಿಸೆಸ್ ಪಾಸ್ಕ್, ನಿವೃತ್ತ ಶಾಲಾ ಶಿಕ್ಷಕಿ.

"ಅಡ್ಮಿರಲ್ಲರ ವಿಷಯ ಆಯ್ತು, ಸಿಲ್ವನ್. ಈ ಕಂಬಗಳನ್ನ ಕೈಯಾರೆ ಎತ್ತಿ ನಿಲ್ಲಿಸಿದವರು ಯಾರು? ನಿಮ್ಮ ಮನೆತನದವರು ಯಾರಾದ್ರೂ ಇಲ್ಲಿ ದುಡಿದಿದ್ರಾ?"

ಸಿಲ್ವನ್ ಆರು ವರ್ಷದಿಂದ ಇಲ್ಲಿಗೆ ಬರುತ್ತಿದ್ದಾನೆ, ಆ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಅವನೂ ಕೇಳಿಕೊಂಡಿರಲಿಲ್ಲ. ಮುತ್ತಜ್ಜನ ಹೆಸರು ನೇಥನ್ ಎಂಬುದಷ್ಟೇ ಗೊತ್ತು, ಅದೂ ಮನೆಯ ಬೈಬಲ್ಲಿನ ಮೊದಲ ಹಾಳೆಯಿಂದ. ಹನ್ನೆರಡು ಟೋಪಿಗಳೂ ಅವನ ಕಡೆ ತಿರುಗಿದ್ದವು.

"ನಮ್ಮ ಮುತ್ತಜ್ಜ ನೇಥನ್ ಟಾಂಗ್ ಇಲ್ಲೇ ಇದ್ದದ್ದು, ಅಮ್ಮಾ" ಎಂದುಬಿಟ್ಟ. "ಅಡ್ಮಿರಲ್ ಸಾಹೇಬರಿಗೆ ಬಲಗೈ. ಅವರಿಲ್ದೆ ಸಾಹೇಬರಿಗೆ ಹಡಗು ಹತ್ತೋಕೇ ಆಗ್ತಿರ್ಲಿಲ್ಲ!"

ಮಿಸೆಸ್ ಪಾಸ್ಕಳ ಕಣ್ಣು ಅರಳಿತು. "ಟಾಂಗ್. ಕೊನೆಗೆ 'ಇ' ಬರುತ್ತಾ?"

"ಬರುತ್ತಮ್ಮಾ."

ಅವಳು ಅಕ್ಷರ ಬಿಡಿಸಿ ಬರೆದುಕೊಂಡಳು. ಆ ಶ್ರದ್ಧೆ ನೋಡಲಾಗದೆ ಸಿಲ್ವನ್ "ಅರ್ಧ ಗಂಟೆ ಸುತ್ತಾಡಿ ಬನ್ನಿ" ಎಂದು ಎಲ್ಲರನ್ನೂ ಚದುರಿಸಿ, ಮುಖ ತಪ್ಪಿಸಿಕೊಂಡು ಬ್ರೆಡ್ಡಿನಂಗಡಿಯ ಹಿಂದೆ ಹೋಗಿ ನಿಂತ.

ಅರ್ಧ ಗಂಟೆಯ ಮೇಲೆ ವ್ಯಾನಿನ ಕನ್ನಡಿಯಲ್ಲಿ ಎಣಿಸಿದ. ಸರಿಯಾಗಿ ಹನ್ನೆರಡು ಟೋಪಿ. ಹಿಂದಿನ ಸೀಟಿನದು ಮುಖದ ಮೇಲೆ ಜಾರಿತ್ತು. ಪಾಪ, ನಿದ್ದೆ. ಗಾಡಿ ಬಿಟ್ಟ.

ಷರ್ಲಿ ಹೈಟ್ಸ್ ಗುಡ್ಡದ ತುದಿಯಲ್ಲಿ ಎಲ್ಲರೂ ಇಳಿದು ಕೆಳಗಿನ ಬಂದರನ್ನು ನೋಡುತ್ತಿದ್ದಾಗ ಉದ್ದನೆಯ ಮುದುಕನೊಬ್ಬ ಕೇಳಿದ, "ಬೆಳಿಗ್ಗೆ ನನ್ನ ಪಕ್ಕ ಕೂತಿದ್ದ ಮಿಸೆಸ್ ಪಾಸ್ಕ್ ಎಲ್ಲಿ?"

"ಒಳಗೆ ಮಲಗಿದಾರೆ ಸಾರ್" ಎಂದು ಸಿಲ್ವನ್ ಹಿಂದಿನ ಸೀಟಿಗೆ ಹೋಗಿ ಮೆಲ್ಲಗೆ ಟೋಪಿ ಎತ್ತಿದ.

ಕೆಳಗೆ ಕಂಡದ್ದು ಬಿಳಿ ಮುಖವಲ್ಲ. ಆಲ್ ಸೇಂಟ್ಸ್ ಊರಿನ ಟ್ಯಾಂಟಿ ಯುಡೋರಾ. ಎಂಬತ್ತಮೂರು ವರ್ಷ, ಕಿವಿ ಮಂದ, ಊರಿಗೆಲ್ಲ ಟ್ಯಾಂಟಿ, ಅಂದರೆ ದೊಡ್ಡಮ್ಮ. ಎಲ್ಲಕ್ಕಿಂತ ಹೆಚ್ಚಾಗಿ, ಸಂಘದ ಅಧ್ಯಕ್ಷ ಮ್ಯಾಕ್ಲಿನ್‌ನ ಹೆತ್ತ ತಾಯಿ.

"ಆಲ್ ಸೇಂಟ್ಸ್ ಬಂತಾ?" ಎಂದಳು ಕಣ್ಣುಜ್ಜಿಕೊಳ್ಳುತ್ತ.

"ಟ್ಯಾಂಟಿ! ನೀವಿಲ್ಲಿ ಹೆಂಗೆ?"

"ಬಸ್ಸಿಗೆ ಕಾಯ್ತಿದ್ದೆ. ನಿನ್ನ ಗಾಡಿ ಬಾಗಿಲು ತೆಗೆದಿತ್ತು. ಕೂತೆ."

"ಈ ಟೋಪಿ?"

"ಕೋಪನಾ? ನಂಗ್ಯಾಕೆ ಕೋಪ?"

"ಟೋಪಿ, ಟ್ಯಾಂಟಿ, ಟೋಪಿ!"

"ಅದಾ! ನಿನ್ನ ನಾದಿನಿ ಭಾನುವಾರ ಚರ್ಚಿನ ಮೆಟ್ಟಿಲ ಮೇಲೇ ಹಿಡ್ಕೊಂಡು ತಲೆಗೆ ಹಾಕಿದ್ಲು. ಬಿಟ್ರೆ ತಾನೇ?"

ಹಾಗಾದರೆ ಶಿಕ್ಷಕಿ ಕೆಳಗೇ ಉಳಿದಿದ್ದಾಳೆ. "ಟ್ಯಾಂಟಿ, ಒಬ್ಬ ಬಿಳೀ ಅಜ್ಜಿನ ಕಳ್ಕೊಂಡ್ಬಿಟ್ಟೆ! ನಿಮ್ಮ ಕಾಲಿಗೆ ಬೀಳ್ತೀನಿ, ಮ್ಯಾಕ್ಲಿನ್‌ಗೆ ಹೇಳ್ಬೇಡಿ!"

"ಮ್ಯಾಕ್ಲಿನ್‌ಗೆ ಹೇಳ್ಬೇಕಾ? ತಾಳು" ಎಂದ ಟ್ಯಾಂಟಿ ಚೀಲದಿಂದ ಫೋನು ತೆಗೆದು, ಕಿವುಡರೆಲ್ಲ ಕೂಗುವ ಹಾಗೆ ಗುಡ್ಡ ಮೊಳಗುವಂತೆ ಕೂಗಿದಳು. "ಮಗಾ! ಸಿಲ್ವನ್ ಒಂದು ಬಿಳೀ ಅಜ್ಜಿನ ಕಳ್ಕೊಂಡಿದಾನಂತೆ! ನಿಂಗೆ ಹೇಳು ಅಂತಿದಾನೆ!"

ಬಂದರಿಗೆ ವಾಪಸು ಇಳಿಯುವಷ್ಟರಲ್ಲಿ ಸುದ್ದಿ ಅವನಿಗಿಂತ ಮೊದಲೇ ತಲುಪಿತ್ತು.

"ಸಿಲ್ವನ್, ಗಾಡಿ ಕೀಲಿ ಕಳ್ಕೊಂಡವರನ್ನ ನೋಡಿದೀನಿ" ಎಂದಳು ಅಂಗಿ ಮಾರುವವಳು. "ಇಡೀ ಹೆಂಗಸನ್ನೇ ಕಳ್ಕೊಂಡವನು ನೀನೇ ಮೊದಲು ನೋಡು."

"ಜೇಬಲ್ಲಿ ಹುಡುಕಿದ್ಯೇನೋ?" ಎಂದ ಎಳನೀರಿನವನು.

ಸಿಲ್ವನ್ ತಲೆ ತಗ್ಗಿಸಿಕೊಂಡು ಹಾಯಿಯ ಅಟ್ಟ ನೋಡಿದ, ಕಮ್ಮಾರಸಾಲೆ ನೋಡಿದ. "ಮಿಸೆಸ್ ಪಾಸ್ಕ್!" ಎಂದು ಕೂಗುತ್ತ ಅವಸರದಲ್ಲಿ ಹೆಂಗಸರ ಶೌಚಾಲಯಕ್ಕೂ ನುಗ್ಗಿದ. ಅಲ್ಲಿಂದ ಹೊರಬಂದಾಗ ಬೆನ್ನ ಮೇಲೆ ಕೊಡೆಯ ಏಟು ಬಿದ್ದಿತ್ತು. ಸಂಗ್ರಹಾಲಯದ ಪಡಸಾಲೆ ಖಾಲಿ. ಒಳಬಾಗಿಲ ಮೇಲೆ 'ಸಿಬ್ಬಂದಿಗೆ ಮಾತ್ರ' ಎಂದು ಬರೆದಿತ್ತು. ಇನ್ನೊಂದು ಬೈಗುಳ ತಿನ್ನುವ ಧೈರ್ಯವಿಲ್ಲದೆ ಹಿಂದಿರುಗಿದ.

ಅಷ್ಟರಲ್ಲಿ ಮ್ಯಾಕ್ಲಿನ್ ರೇಡಿಯೋದವರಿಗೆ ಹೇಳಿದ್ದ. ಮಧ್ಯಾಹ್ನದ ಹರಟೆ ಕಾರ್ಯಕ್ರಮದಲ್ಲಿ ಪ್ರಕಟಣೆ ಹೊರಟಿತು. ಸಿಲ್ವನ್ ಟಾಂಗ್ ಎಂಬ ಚಾಲಕ ಒಬ್ಬ ಅಜ್ಜಿಯನ್ನು ಕಳೆದುಕೊಂಡಿದ್ದಾನೆ, ಕೆಂಪು ಪಟ್ಟಿಯ ಹುಲ್ಲಿನ ಟೋಪಿ ಗುರುತು, ಕಂಡವರು ತಿಳಿಸಿ. ಆ ಟೋಪಿಯನ್ನು ಅಯೋನಿ ಅರ್ಧ ಹಡಗಿಗೇ ಮಾರಿದ್ದಳು. ದ್ವೀಪದ ಮೂಲೆ ಮೂಲೆಯಿಂದ ಫೋನುಗಳು ಬಂದವು. ಅಜ್ಜಿ ಎಲ್ಲೆಲ್ಲೂ ಇದ್ದಳು.

ಮೊದಲ ಸುಳಿವು ಫಿಗ್ ಟ್ರೀ ಡ್ರೈವ್ ರಸ್ತೆಯ ಹಣ್ಣಿನಂಗಡಿಯಿಂದ. ಬಾಳೆತೋಟಗಳ ನಡುವೆ ಧಾವಿಸಿ ಹೋದರೆ ದ್ವೀಪದ ಹೆಸರಾಂತ ಕಪ್ಪು ಅನಾನಸ್ ಚೀಪುತ್ತಿದ್ದದ್ದು ಬೇರೆ ಯಾರೋ. ಅಲ್ಲಿಂದ ಪೂರ್ವಕ್ಕೆ, ಬೆಟ್ಟೀಸ್ ಹೋಪ್‌ನ ಹಳೆಯ ಕಬ್ಬಿನ ಗಿರಣಿಗೆ. ಗಾಳಿಗಿರಣಿಯ ಗೋಪುರದ ನೆರಳಲ್ಲಿ ಟೋಪಿ ಕಂಡಿತು. ಸಿಲ್ವನ್ ಓಡಿ ಹೋಗಿ, "ಅಮ್ಮಾ, ಸಿಕ್ಕಿದ್ರಲ್ಲಾ!" ಎಂದು ಹಿಂದಿನಿಂದ ತಬ್ಬಿಕೊಂಡ. ಟೋಪಿ ತಿರುಗಿತು. ಗಡ್ಡವಿತ್ತು.

ವರ್ಲಿನ್‌ಳ ಫೋನು ಬಂತು. "ಇನ್ನು ಊರಲ್ಲಿ ತಲೆ ಎತ್ಕೊಂಡು ಓಡಾಡೋದು ಹೆಂಗ್ರೀ? ಪಾದ್ರಿಗಳು ನಿಮ್ಮ ಹೆಸರನ್ನ ಪ್ರಾರ್ಥನೆ ಪಟ್ಟಿಗೆ ಸೇರಿಸಿದಾರೆ. ಹಾಸಿಗೆ ಹಿಡಿದವರ ಸಾಲಲ್ಲಿ." ಅವನು ಉತ್ತರ ಕೊಡುವ ಮುಂಚೆ ಫೋನಿನ ಬ್ಯಾಟರಿ ಸತ್ತಿತು. ರೇಡಿಯೋ ಗದ್ದಲದಿಂದ ತಲೆನೋವು ಬರುತ್ತದೆಂದು ಟ್ಯಾಂಟಿ ಅದನ್ನೂ ಆರಿಸಿಬಿಟ್ಟಳು.

ವಿಚಿತ್ರವೆಂದರೆ ಉಳಿದ ಹನ್ನೊಂದು ಮಂದಿಗೆ ಈ ಓಟ ಎಲ್ಲಿಲ್ಲದ ಮೋಜು. ಗಿರಣಿಯ ಕಲ್ಲಿಗೆ ಒರಗಿ ಟ್ಯಾಂಟಿ ಅವರಿಗೆ ಹೇಳುತ್ತಿದ್ದಳು: "ನಮ್ಮಜ್ಜಿ ಇಲ್ಲೇ ಕಬ್ಬು ಹೊತ್ತಿದ್ದು. ಎರಡು ಬೆರಳು ಈ ಗಾಣಕ್ಕೇ ಹೋಯ್ತು. ಉಳಿದ ಎಂಟರಲ್ಲೇ ನಮ್ಮಮ್ಮನ ಜಡೆ ಹೆಣೀತಿದ್ಲು." ಹನ್ನೊಂದು ಜನರೂ ಉಸಿರು ಬಿಗಿಹಿಡಿದು ಕೇಳುತ್ತಿದ್ದರು. ತಾನು ಆರು ವರ್ಷ ಬಾಯಿ ಬಡಿದುಕೊಂಡರೂ ಒಬ್ಬರೂ ಹೀಗೆ ಕೇಳಿರಲಿಲ್ಲ ಎಂಬುದು ಸಿಲ್ವನ್‌ಗೆ ಹೊಳೆಯಿತು. ಮುಖ ಮುಚ್ಚಿಕೊಳ್ಳುವ ಹಾಗಾಯಿತು.

ಮೂರೂವರೆಗೆ ಕೊನೆಯ ಸುಳಿವು ಹಿಡಿದು ಡೆವಿಲ್ಸ್ ಬ್ರಿಜ್‌ಗೆ ಬಂದರು. ಸಮುದ್ರ ಕೊರೆದು ಮಾಡಿದ ಬಂಡೆಯ ಸೇತುವೆ ಅದು. ಅಲೆ ಕೆಳಗಿಂದ ಬಡಿದು ಮೇಲೆ ಚಿಮ್ಮುತ್ತದೆ. ಅಲ್ಲಿ ಕಾಲು ಜಾರಿದವರ ಕತೆ ದ್ವೀಪದ ಮಕ್ಕಳಿಗೂ ಗೊತ್ತು. ಸಿಲ್ವನ್ ಅಂಚಿಗೆ ಓಡಿ ಬಗ್ಗಿ ನೋಡಿದ. ನೊರೆಯ ನಡುವೆ ಕೆಂಪು ಪಟ್ಟಿಯ ಟೋಪಿಯೊಂದು ಮುಳುಗುತ್ತ ಏಳುತ್ತ ತೇಲುತ್ತಿತ್ತು.

ಅವನು ಬಂಡೆಯ ಮೇಲೆ ಮೊಣಕಾಲೂರಿದ.

"ದೇವರೇ, ನನ್ನದೇ ತಪ್ಪು" ಎಂದು ಜೋರಾಗಿ ಅತ್ತ. "ಆಯಮ್ಮ ಒಂದು ಒಳ್ಳೆ ಪ್ರಶ್ನೆ ಕೇಳಿದ್ಲು, ನಾನು ಸುಳ್ಳು ಹೇಳ್ದೆ. ಮುತ್ತಜ್ಜ ಏನು ಮಾಡ್ತಿದ್ದ ಅಂತ ನಂಗೆ ಗೊತ್ತೇ ಇಲ್ಲ. ಹುಟ್ಟಿದ ಮಣ್ಣಿನ ಕತೆ ಗೊತ್ತಿಲ್ಲದೋನು ಊರವರಿಗೆಲ್ಲ ಕತೆ ಹೇಳ್ಕೊಂಡು ತಿರುಗ್ತಿದೀನಿ. ಅವಳ ಮುಖ ನೋಡಕ್ಕಾಗದೆ ಓಡಿಹೋಗಿ ಬಚ್ಚಿಟ್ಕೊಂಡೆ. ಎಣಿಸುವಾಗ್ಲೂ ಮುಖ ನೋಡ್ಲಿಲ್ಲ, ಟೋಪಿ ಎಣಿಸ್ದೆ..."

ಹಿಂದಿನಿಂದ ಯಾರೋ ಕೆಮ್ಮಿದರು. ಉದ್ದನೆಯ ಮುದುಕ, ಬೋಳುತಲೆಯಲ್ಲಿ ನಿಂತಿದ್ದ.

"ಕ್ಷಮಿಸಿ ಸಿಲ್ವನ್. ಅದು ನನ್ನ ಟೋಪಿ. ಈಗಷ್ಟೇ ಗಾಳಿಗೆ ಹಾರ್ತು."

ಅವನ ಹಿಂದೆ ಉಳಿದ ಹತ್ತು ಮಂದಿಯೂ ನಿಂತಿದ್ದರು. ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಭೂಮಿ ಬಾಯಿ ಬಿಡಬಾರದೇ ಎಂದುಕೊಂಡ ಸಿಲ್ವನ್. ಕಾಲಡಿ ಬಂಡೆ ಆಗಲೇ ಬಾಯಿ ಬಿಟ್ಟಿತ್ತು, ಆದರೆ ಹಾರುವ ಧೈರ್ಯ ಅವನಿಗಿರಲಿಲ್ಲ.

"ಏನಂದ? ನಂಗೆ ಕೇಳಿಸ್ಲಿಲ್ಲ" ಎಂದಳು ಟ್ಯಾಂಟಿ. ಒಬ್ಬಾಕೆ ಅವಳ ಕಿವಿಯ ಹತ್ತಿರ ಬಗ್ಗಿ ಇಡೀ ತಪ್ಪೊಪ್ಪಿಗೆಯನ್ನು ಮೊದಲಿಂದ ಕೂಗಿ ಹೇಳಿದಳು.

ಹಡಗು ಐದಕ್ಕೆ ಹೊರಡುವುದು. ಇನ್ನು ಹುಡುಕಲು ಹೊತ್ತಿರಲಿಲ್ಲ. ಸೇಂಟ್ ಜಾನ್ಸ್‌ವರೆಗೂ ವ್ಯಾನಿನಲ್ಲಿ ಯಾರೂ ಮಾತಾಡಲಿಲ್ಲ. ಆರು ವರ್ಷದಲ್ಲಿ ಮೊದಲ ಬಾರಿ ಸಿಲ್ವನ್ ಕೂಡ.

ಕಟ್ಟೆಯ ಮೇಲೆ ಜನ ಜಾತ್ರೆಯಂತೆ ಸೇರಿದ್ದರು. ಚಾಲಕರ ಸಂಘ, ಚರ್ಚಿನ ಹಾಡುಗಾರ್ತಿಯರು, ಮುಖ ಊದಿಸಿಕೊಂಡ ವರ್ಲಿನ್, ರೇಡಿಯೋದವನು. ಅವರೆಲ್ಲರ ನಡುವೆ ಮರದ ಪೆಟ್ಟಿಗೆಯ ಮೇಲೆ ನಿಂತು ಕೈ ಬೀಸುತ್ತಿದ್ದವಳು ಮಿಸೆಸ್ ಪಾಸ್ಕ್! ಪಕ್ಕದಲ್ಲಿ ಸಂಗ್ರಹಾಲಯದ ಗುಮಾಸ್ತ ಸ್ಕೂಟರಿಗೆ ಒರಗಿದ್ದ.

ಸಿಲ್ವನ್ ಗಾಡಿಯಿಂದ ಬಿದ್ದೇ ಇಳಿದ. "ಅಮ್ಮಾ, ಬದುಕಿದೀರಾ! ಎಲ್ಲಿ ಹೋಗಿದ್ರಿ?"

"ನನ್ನನ್ನ ಕ್ಷಮಿಸ್ಬೇಕು ಸಿಲ್ವನ್. ನಿಮ್ಮ ಮುತ್ತಜ್ಜನ ಮಾತು ಕೇಳಿ ನನಗೆ ತಡ್ಕೊಳ್ಳೋಕಾಗ್ಲಿಲ್ಲ. ಸಂಗ್ರಹಾಲಯದ ಹಿಂದಿನ ಕೋಣೆಗೆ ಹೋಗಿ ಹಳೇ ಕಡತ ತೆಗೆಸ್ದೆ. ಹೊತ್ತು ಹೋದದ್ದೇ ಗೊತ್ತಾಗ್ಲಿಲ್ಲ. ಸಿಕ್ಕಿದಾರೆ!"

ಸಿಲ್ವನ್ ತೊದಲಿದ. "ಅಮ್ಮಾ, ಆ ವಿಷಯ... ಅದು ನಾನು ಸುಮ್ಮನೆ..."

"ನೀವು ಹೇಳಿದ್ದು ಅಕ್ಷರ ಅಕ್ಷರ ನಿಜ!" ಎಂದಳು ಅವಳು. ರೇಡಿಯೋದವನು ಮೈಕು ಚಾಚಿದ. ಇಡೀ ದ್ವೀಪ ಕೇಳುತ್ತಿರುವಂತೆ ಅವಳು ಪುಸ್ತಕ ತೆರೆದು, ತರಗತಿಯಲ್ಲಿ ಪಾಠ ಓದುವ ಸ್ಪಷ್ಟ ದನಿಯಲ್ಲಿ ಓದಿದಳು:

"ನೇಥನ್ ಟಾಂಗ್, ದೋಣಿಗಾರ. ದಡದಲ್ಲಿ ಹರಟೆ ಹೊಡೆಯುತ್ತ ನಿಂತು, ಹತ್ತಿದವರನ್ನು ಸರಿಯಾಗಿ ನೋಡಿಕೊಳ್ಳದೆ ದೋಣಿ ಹೊರಡಿಸಿ, ಅಡ್ಮಿರಲ್ಲರನ್ನು ದಡದಲ್ಲೇ ಬಿಟ್ಟು ಹೋದದ್ದರಿಂದ ಅವರಿಗೆ ಆ ದಿನ ಹಡಗು ಹತ್ತಲಾಗಲಿಲ್ಲ. ಕೆಲಸದಿಂದ ವಜಾ."

ಆಮೇಲೆ ಎದ್ದ ನಗೆಗೆ ಹಡಗಿನ ಮೇಲಿನವರೂ ಕಟಕಟೆಗೆ ಬಂದು ಬಗ್ಗಿ ನೋಡಿದರು. ಚಾಲಕರು ಒಬ್ಬರ ಹೆಗಲಿಗೊಬ್ಬರು ಬಿದ್ದು ನಕ್ಕರು. ಹಾಡುಗಾರ್ತಿಯರು ಟೋಪಿಯಿಂದ ಗಾಳಿ ಬೀಸಿಕೊಂಡರು. ಮುಖ ಊದಿಸಿಕೊಂಡಿದ್ದ ವರ್ಲಿನ್ ಕೂಡ ಗೋಡೆಯ ಕಡೆ ತಿರುಗಿದಳು, ಅವಳ ಭುಜ ಕುಲುಕುತ್ತಿತ್ತು.

"ಮನೆತನದ ಕಸುಬು ಬಿಟ್ಟಿಲ್ಲ ಬಿಡಪ್ಪ!" ಎಂದು ಯಾರೋ ಕೂಗಿದರು.

ಮಿಸೆಸ್ ಪಾಸ್ಕ್ ಮಾತ್ರ ನಗಲಿಲ್ಲ. ಅವನ ಎರಡೂ ಕೈ ಹಿಡಿದುಕೊಂಡು, "ಹೆಸರು ಸಿಕ್ಕೋದೇ ದೊಡ್ಡದು. ಅಲ್ಲಿ ದುಡಿದ ಎಷ್ಟೋ ಜನರ ಹೆಸರೂ ಉಳಿದಿಲ್ಲ" ಎಂದು ಆ ಹಾಳೆಯನ್ನು ಹರಿದು ಅವನ ಜೇಬಿಗಿಟ್ಟಳು. ಆಮೇಲೆ ಮ್ಯಾಕ್ಲಿನ್ ಕಡೆ ತಿರುಗಿ, "ನನ್ನದೇನೂ ದೂರಿಲ್ಲ. ಇಂಥ ದಿನ ನನ್ನ ಜೀವಮಾನದಲ್ಲೇ ಬಂದಿರ್ಲಿಲ್ಲ" ಎಂದಳು. ಉಳಿದ ಹನ್ನೊಂದು ಮಂದಿಯೂ ತಲೆಯಾಡಿಸಿ ಹಡಗು ಹತ್ತಿದರು.

ಸಿಲ್ವನ್ ಬಿಲ್ಲೆ ಮುಟ್ಟಿ ನೋಡಿಕೊಂಡ. ಎದೆಯ ಮೇಲೇ ಇತ್ತು. ಮಾನ ಹೋದರೆ ಹೋಯಿತು, ಅನ್ನ ಉಳಿಯಿತು ಎಂದು ಉಸಿರುಬಿಟ್ಟ.

"ನಂದೊಂದಿದೆ" ಎಂಬ ದನಿ ವ್ಯಾನಿನೊಳಗಿಂದ ಬಂತು. ಟ್ಯಾಂಟಿ ಯುಡೋರಾ ಬಾಗಿಲಲ್ಲಿ ಕೋಲೂರಿ ನಿಂತಿದ್ದಳು. "ಬರ್ಕೋ ಮ್ಯಾಕ್ಲಿನ್. ಆಲ್ ಸೇಂಟ್ಸ್‌ಗೆ ಅಂತ ಹತ್ತಿದ ಮುದುಕಿನ ಈ ಹುಡುಗ ಬೆಳಿಗ್ಗೆಯಿಂದ ದ್ವೀಪ ಎಲ್ಲ ಸುತ್ತಿಸಿದಾನೆ. ಊಟ ಇಲ್ಲ, ಮಾತ್ರೆ ಇಲ್ಲ. ಅನಾನಸ್ ಒಂದು ತಿಂದೆ ಅಷ್ಟೇ."

"ಅಮ್ಮಾ, ಹೋಗ್ಲಿ ಬಿಡು..." ಎಂದ ಮ್ಯಾಕ್ಲಿನ್.

"ಅಮ್ಮ ಅಂತ ಬಿಟ್ಬಿಟ್ರೆ ಜನ ಏನಂತಾರೆ? ನೀನು ಅಧ್ಯಕ್ಷ ಹೌದೋ ಅಲ್ವೋ?"

ಮ್ಯಾಕ್ಲಿನ್ ಸುತ್ತ ನೋಡಿದ. ಸಂಘದವರೆಲ್ಲ ಅವನನ್ನೇ ನೋಡುತ್ತಿದ್ದರು. ಮೈಕು ಇನ್ನೂ ಚಾಚಿಕೊಂಡೇ ಇತ್ತು. ಅವನು ನಿಟ್ಟುಸಿರು ಬಿಟ್ಟು ಅಂಗೈ ಮುಂದೆ ಮಾಡಿದ. "ಮೂರಾಯ್ತಲ್ಲ ಸಿಲ್ವನ್. ಹೆತ್ತ ತಾಯಿ ಬಾಯಿಂದ ಬಂದ ಮೇಲೆ ನಾನೇನ್ ಮಾಡ್ಲಿ?"

ಸಿಲ್ವನ್ ಬಿಲ್ಲೆ ಬಿಚ್ಚಿ ಕೊಟ್ಟ. ಹಡಗು ಕೂಗಿತು, ಜನ ಚದುರಿದರು. ಆಲ್ ಸೇಂಟ್ಸ್‌ನ ಕೊನೆಯ ಬಸ್ಸು ಹೋಗಿಯಾಗಿತ್ತು, ಮ್ಯಾಕ್ಲಿನ್‌ಗೆ ಸಂಘದ ಸಭೆಯಿತ್ತು. ಹಾಗಾಗಿ ಟ್ಯಾಂಟಿಯನ್ನು ಮನೆ ಮುಟ್ಟಿಸುವ ಕೆಲಸವೂ ಅವನ ಕೊರಳಿಗೇ ಬಿತ್ತು. ಅವಳು ಈ ಸಲ ಮುಂದಿನ ಸೀಟಿನಲ್ಲೇ ಕೂತಳು.

ಎರಡು ಮೈಲಿ ಹೋದರೂ ಅವನು ತುಟಿ ಬಿಚ್ಚಲಿಲ್ಲ. ರಸ್ತೆಯಿಂದ ಕಣ್ಣು ತೆಗೆಯಲಿಲ್ಲ. ಟ್ಯಾಂಟಿ ಆಕಳಿಸಿದಳು, ಸೆರಗಿನಂತೆ ಶಾಲು ಹೊದ್ದುಕೊಂಡಳು, ಕಿಟಕಿಯಾಚೆ ನೋಡಿದಳು, ಕೊನೆಗೆ ತಡೆಯಲಾರದೆ ಮೊಣಕೈಯಿಂದ ತಿವಿದಳು.

"ಏನೋ ಇದು, ಸತ್ತವರ ಮನೆಗೆ ಹೊರಟ ಹಂಗೆ? ದಾರಿ ಬೇಜಾರು. ಏನಾದ್ರೂ ಮಾತಾಡೋ!"