ಬೇಟಾ ಬ್ಲಾಕರ್

ಹೃದಯದ ದವಾಖಾನ್ಯಾಗ ನಗು ಎಲ್ಲಿಂದ ಬರ್ತದ ಅಂತ ಕೇಳ್ತಾರ ಜನ. ಬರ್ತದ್ರಿ, ದಿನಾ ಬರ್ತದ. ಸೂಪರ್ ಮಾರ್ಕೆಟ್ ಹಿಂದಿನ ಒಂದು ಸಣ್ಣ ದವಾಖಾನ್ಯಾಗ ಇಸಿಜಿ ತೆಗಿಯೂ ಕೆಲಸ ನಂದು. ಎದಿಗಿ ವೈರ್ ಹಚ್ಚಿ ಮಲಗಿಸಿದ್ರ ಸಾಕು, ಮನಷ್ಯಾ ಒಳಗಿಂದೆಲ್ಲಾ ಹೇಳಿಬಿಡ್ತಾನ. ಅದರಾಗ ಅರ್ಧ ನಗು, ಅರ್ಧ ಯಾರದರ ನೆನಪು.

ಬಾಗಿಲಾ

ನಮ್ಮ ಡಾಕ್ಟರ್ ಸಾಹೇಬ್ರು ಎಲ್ಲಾರಿಗೂ ಒಂದೇ ಕಥಿ ಹೇಳ್ತಾರ. "ಹೃದಯದ ಮ್ಯಾಲ ಸಣ್ಣ ಸಣ್ಣ ಬಾಗಿಲಾ ಇರ್ತಾವ. ಅಂಜಿಕಿ ಆಗ್ಲಿ, ಖುಷಿ ಆಗ್ಲಿ, ರಕ್ತದಾಗ ಅಡ್ರಿನಾಲಿನ್ ಅನ್ನೂ ರಸ ಬಂದು ಬಾಗಿಲಾ ಬಡೀತದ. ಹೃದಯ ಜೋರ್ ಓಡ್ತದ. ಗಟ್ಟಿ ಹೃದಯಕ್ಕ ಅದು ಬೇಕೇ ಬೇಕು. ಆದ್ರ ಸೋತ ಹೃದಯದ ಬಾಗಿಲಾ ಹಗಲೂ ರಾತ್ರಿ ಬಡದ್ರ ಅದು ಇನ್ನಷ್ಟು ಸೋಲ್ತದ. ಅದಕ್ಕ ಈ ಗುಳಿಗಿ ಬಾಗಲದಾಗ ಕಾವಲ ಕೂಡ್ತದ."

ಖೂಬಾ ಪ್ಲಾಟ್ ಓಣಿಯ ಒಬ್ಬ ರಿಟೈರ್ಡ್ ಮಾಸ್ತರು ಇದನ್ನ ಕೇಳಿ ಚಷ್ಮಾ ತಗದು ಒರಸಿಕೊಂಡ್ರು. ಆಮ್ಯಾಲ, "ಬಾಗಿಲಾ ಮುಚ್ಚಿದ್ರ ಒಳಗಿದ್ದವ್ರು ಹೊರಗ ಹೋಗೂದಿಲ್ಲ ಅಲ್ರೀ?" ಅಂದ್ರು.

"ಒಳಗ ಯಾರದಾರ ಸರ್?"

"ನಮ್ಮನಿಯಾಕಿ. ಹೋದ ವರ್ಷ ತೀರ್ಕೊಂಡಳು. ಗುಳಿಗಿ ಬರೀರಿ, ದಿನಾ ತಗೋತೀನಿ. ಬಾಗಿಲಾ ತೆರದದ್ದು ಕಂಡ್ರ ಅಕಿ ತವರಮನಿಗಿ ಹೊಂಟೇಬಿಡ್ತಾಳ!"

ಅರವತ್ತು

ನನಗೂ ಸುಮ್ಮ ಸುಮ್ಮನ ಎದಿ ಜೋರ್ ಹೊಡಕೊಳ್ಳೂದು ಚಾಲೂ ಆಗಿ, ಅದೇ ಗುಳಿಗಿ ಬಿತ್ತು. ನನ್ನ ಹೆಂಡ್ತಿ ಕಮಲಾಪುರದಾಗ ನರ್ಸ್. ಶನಿವಾರ ಸಂಜಿಮುಂದ ಬಸ್ಸಿಗಿ ಬರ್ತಾಳ, ಸೋಮವಾರ ಮುಂಜಾನೆ ಹೋಗ್ತಾಳ. ನಡುವಿನ ದಿನ ಮನಿ ಅನ್ನೂದು ಬರೇ ನಾಕು ಗ್ವಾಡಿ. ಮದುವ್ಯಾಗಿ ಇಪ್ಪತ್ತು ವರ್ಷ ಆದ್ರೂ ಅಕಿ ಬಸ್ಸಿಳಿದ್ರ ನನ್ನ ಎದಿ ಧಡ್ ಧಡ್ ಅಂತಿತ್ತು.

ಆ ಶನಿವಾರ ಬಂದಾಕಿನೇ ಕೈ ಹಿಡದು ನಾಡಿ ನೋಡಿದಳು. "ಅರವತ್ತು. ಆರು ದಿನದ ಮ್ಯಾಲ ನನ್ನ ಮಾರಿ ನೋಡಿದ್ರೂ ಬರೇ ಅರವತ್ತೇನ್ರೀ?"

"ಗುಳಿಗಿದು ಅದು ಮಾರಾಯ್ತಿ! ನರ್ಸಾಗಿ ಗೊತ್ತಿಲ್ಲೇನು?" ಅಂತ ಅಕಿ ನಾಡಿ ನಾ ನೋಡಿದೆ. ನೂರಾ ಹತ್ತು.

"ಬಸ್ಸಿನ್ಯಾಗ ನಿಂತು ಬಂದೀನಿ, ಅದಕ್ಕ," ಅಂದಳು. ಸೀರಿ ಹಿಂದ ಸೀಟಿನ ಧೂಳು ಹಂಗೇ ಇತ್ತು; ಕುಂತೇ ಬಂದಿದ್ದಳು.

ಬೇಟಾ

ಒಬ್ಬಾಕಿ ಮುದುಕಿ ಇದ್ದಳು, ಎಲ್ಲಾರೂ ಆಯಿ ಅಂತಿದ್ವಿ. ಮಾರ್ಕೆಟ್ಟಿನ್ಯಾಗ ವರ್ಷಾನುಗಟ್ಟಲೆ ಬಳಿ ಮಾರಿದಾಕಿ, ಅರ್ಧ ಮಾತು ಕನ್ನಡ, ಅರ್ಧ ಉರ್ದು. ಒಬ್ಬನೇ ಮಗ ಹೆಂಡ್ತಿ ಮನಿಯವರ ಕೆಂಪು ಬಾಳಿ ತ್ವಾಟ ನೋಡಕೋತ ಕಮಲಾಪುರದಾಗ ನಿಂತುಬಿಟ್ಟಿದ್ದ. "ಮತ್ತ ನಿನ್ನ ಮಾರಿ ತೋರಿಸಬ್ಯಾಡ" ಅಂತ ಬೈದು ಕಳಿಸಿದ್ದಳು. ಆದ್ರೂ ಅಂವ ದಿನಾ ಫೋನ್ ಮಾಡ್ತಿದ್ದ, ಇಕಿ ದಿನಾ ಬೈತಿದ್ದಳು. ಇಬ್ಬರಿಗೂ ಅದೇ ಊಟ.

ಡಾಕ್ಟರ್ ಇಸಿಜಿ ನೋಡಿ, "ಇದು ಬೀಟಾ ಬ್ಲಾಕರ್, ದಿನಾ ತಗೋಬೇಕು" ಅಂತ ಗುಳಿಗಿ ಬರದ್ರು. ಎರಡು ತಿಂಗಳಿಗಿ ಆಯಿ ತೇಕೋತ ಬಂದಳು. ನಾಡಿ ನೂರಾ ಮೂವತ್ತು.

"ಗುಳಿಗಿ ತಗೊಳ್ಳಲಕತ್ತೀರೇನು?"

"ಎಂಟು ದಿನ ಆತು ಬಿಟ್ಟು."

ಡಾಕ್ಟರ್ ತಲಿ ಹಿಡಕೊಂಡ್ರು. "ಕಾವಲ ಇದ್ದಾಗ ಹೃದಯ ಹೊಸ ಬಾಗಿಲಾ ಕೂಡಿಸಿಕೊಂಡಿರ್ತದ, ಆಯಿ. ಒಮ್ಮೆಲೆ ಕಾವಲ ತಗದ್ರ ಎಲ್ಲಾ ಬಾಗಿಲಾ ಕೂಡೇ ಬಡೀತಾವ. ಜೀವಕ್ಕ ಖತ್ರಾ! ಯಾಕ ಬಿಟ್ರಿ?"

"ನೀವೇ ಹೇಳಿದ್ರಲ್ಲ, ಬೇಟಾ ಬ್ಲಾಕ್ ಅಂತ. ಬೇಟಾ ಅಂದ್ರ ಮಗ, ಬ್ಲಾಕ್ ಅಂದ್ರ ಬಂದ್. ಗುಳಿಗಿ ಬರದ ದಿನದಿಂದ ನನ್ನ ಮಗಂದು ಒಂದು ಫೋನ್ ಬಂದಿಲ್ಲ. ನನಗ ಜೀವ ಬ್ಯಾಡ್ರಿ, ಅವನ ದನಿ ಬೇಕು."

ನಮಗ ನಗು ತಡಿಲಿಲ್ಲ. ಆಯಿ ಕಣ್ಣು ನೋಡಿದ ಮ್ಯಾಲ ನಗು ತಾನೇ ನಿಂತಿತು. ಎಷ್ಟು ತಿಳಿಸಿ ಹೇಳಿದ್ರೂ ಗುಳಿಗಿ ಬಾಯಿಗಿ ಹಾಕವಲ್ಲಳು. "ಮದಲ ಮಗ ಮಾತಾಡ್ಲಿ" ಅಂತ ಒಂದೇ ಹಟ.

"ಕೊಡ್ರಿ ಇಲ್ಲಿ ಫೋನ್" ಅಂತ ತಗೊಂಡು ನೋಡಿದೆ. ಬ್ಲಾಕ್ ಮಾಡಿದ ನಂಬರ್ ಒಂದೇ ಒಂದಿತ್ತು. ಹೆಸರಿಲ್ಲ; ಆಯಿಗಿ ಓದ್ಲಿಕ್ಕ, ನಂಬರ್ ಒತ್ತಲಿಕ್ಕ ಬರ್ತಿರಲಿಲ್ಲ, ಬಂದ ಫೋನ್ ಎತ್ತೂದಷ್ಟೇ ಗೊತ್ತು. ನೋಡ್ತಿದ್ದಂಗ ನನಗ ನೆನಪಾತು. ಎರಡು ತಿಂಗಳ ಹಿಂದ ಆಯಿಗಿ ಇಸಿಜಿ ತೆಗೀವಾಗ ಫೋನ್ ಮ್ಯಾಲ ಫೋನ್ ಬರ್ಲಕತ್ತಿತ್ತು. ಆಯಿ ಅಲುಗಾಡಿ ಗೆರಿ ಕೆಡ್ತಿತ್ತು. ಯಾವದೋ ಕಂಪನಿಯವ್ರು ಇರಬೇಕು ಅಂತ ತಿಳಕೊಂಡು ಬ್ಲಾಕ್ ಒತ್ತಿದಾಂವ ನಾನೇ!

ಬ್ಲಾಕ್ ತಗದು ಫೋನ್ ಹಚ್ಚಿದೆ. "ಅವ್ವಾ! ಎಷ್ಟು ಸಲ ಹಚ್ಚಿದ್ರೂ ಹತ್ತವಲ್ದು. ನೀ ಇನ್ನಾ ಸಿಟ್ಟಿನ್ಯಾಗಿದ್ದಿ ಅಂತ ಬರ್ಲಿಕ್ಕೂ ಅಂಜಿದೆ" ಅಂದ ಮಗ.

ಆಯಿ ಸೆರಗು ಬಾಯಿಗಿ ಒತ್ತಿಕೊಂಡಳು. ಬೈಗಳ ಒಂದೂ ಬರಲಿಲ್ಲ. "ಉಂಡೀಯೇನೋ?" ಅಂದಳು, ಅಷ್ಟೇ.

ಮಾತು ಮುಗಿಸಿ, ತಾನೇ ನೀರು ಕೇಳಿ ಗುಳಿಗಿ ನುಂಗಿದಳು. ಇನ್ನ ಮುಚ್ಚಿಟ್ರ ಪಾಪ ಅಂತ, ಕೈ ಮುಗದು ನನ್ನ ತಪ್ಪು ಒಪ್ಪಿಕೊಂಡೆ.

ಆಯಿ ನನ್ನನ್ನ ಮ್ಯಾಲಿಂದ ಕೆಳಗ ನೋಡಿ, ಡಾಕ್ಟರ್ ಕಡಿ ತಿರುಗಿದಳು.

"ಗುಳಿಗಿ ತಪ್ಪಿಲ್ಲ ಬಿಡ್ರಿ ಸಾಹೇಬ್ರ. ಬೇಟಾ ಬ್ಲಾಕರ್ ಇಲ್ಲಿ ನಿಂತದ. ಇದನ್ನ ಯಾರಿಗೂ ಬರೀಬ್ಯಾಡ್ರಿ!"